350 ಅಂತ ಕೊಟ್ಟರೆ 400 ಯಾಕಾಗುತ್ತೆ? ಸರ್ವರ್ ಫ್ಯಾನ್ ಮಿತಿಯ ಲೆಕ್ಕ

ಸರ್ವರ್ ಬೋರ್ಡಿಗೆ ಸದ್ದು ಮಾಡದ ಫ್ಯಾನ್ ತಂದು ಹಾಕಿದವರಿಗೆ ಈ ಕಾಟ ಗೊತ್ತಿರುತ್ತೆ. ಫ್ಯಾನ್ ಮೆಲ್ಲಗೆ ತಿರುಗ್ತಾ ಇರುತ್ತೆ, ಇದ್ದಕ್ಕಿದ್ದ ಹಾಗೆ ಎಲ್ಲ ಫ್ಯಾನ್‌ಗಳೂ ಒಟ್ಟಿಗೆ ಅಬ್ಬರಿಸೋಕೆ ಶುರು ಮಾಡುತ್ತವೆ. ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತವೆ, ಆಮೇಲೆ ಮತ್ತೆ ಅದೇ ಅಬ್ಬರ.

ಇದನ್ನು ಮಾಡಿಸೋದು ಬೋರ್ಡಿನ ಮೇಲಿರುವ ಬಿಎಂಸಿ ಅನ್ನೋ ಪುಟ್ಟ ಕಂಪ್ಯೂಟರ್. ಫ್ಯಾನ್ ವೇಗ ಕೆಳಮಿತಿಗೆ ಇಳಿದರೆ ಫ್ಯಾನ್ ಕೆಟ್ಟಿದೆ ಅಂತ ತಿಳಿದು ಎಲ್ಲವನ್ನೂ ಪೂರ್ತಿ ವೇಗಕ್ಕೆ ಏರಿಸುತ್ತೆ. ಆಗ ನಮ್ಮ ಮೆಲುದನಿಯ ಫ್ಯಾನೂ ಮಿತಿ ದಾಟುತ್ತೆ, ಬಿಎಂಸಿಗೆ ಸಮಾಧಾನವಾಗುತ್ತೆ, ವೇಗ ಇಳಿಸುತ್ತೆ. ಇಳಿಸಿದ ತಕ್ಷಣ ಮತ್ತೆ ಮಿತಿಯ ಕೆಳಗೆ.

ಸರಿ, ಮಿತಿಯನ್ನೇ ಇಳಿಸೋಣ ಅಂತ ಬಿಎಂಸಿಗೆ ಆದೇಶ ಕೊಡುವ ಐಪಿಎಂಐಟೂಲ್ ತೆಗೆದು 350 ಅಂತ ಕೊಡ್ತೀರಿ. ಓದಿ ನೋಡಿದರೆ 400 ಅಂತಿರುತ್ತೆ. ಇದು ಟೂಲ್‌ನ ತಪ್ಪಲ್ಲ, ನಿಮ್ಮದೂ ಅಲ್ಲ.

ಬಿಎಂಸಿ ಪಾಲಿಸುವ ಐಪಿಎಂಐ ಅನ್ನೋ ಮಾನದಂಡವನ್ನು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ 1998ರಲ್ಲಿ ತಂದವು. ಅದರಲ್ಲಿ ಫ್ಯಾನ್ ವೇಗ ಅಳೆಯುವಂಥ ಸೆನ್ಸರ್‌ನ ರೀಡಿಂಗಿಗೆ ಸಿಗೋದು ಒಂದೇ ಬೈಟ್. ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ, ಅಷ್ಟೇ. ಆ ಸಂಖ್ಯೆಯನ್ನು ಎಷ್ಟರಿಂದ ಗುಣಿಸಬೇಕು, ಎಷ್ಟು ಕೂಡಿಸಬೇಕು ಅನ್ನೋದು ಪ್ರತಿ ಸೆನ್ಸರ್‌ನ ದಾಖಲೆಯಲ್ಲಿ, ಅಂದರೆ ಎಸ್‌ಡಿಆರ್‌ನಲ್ಲಿ, ಬರೆದಿರುತ್ತೆ. ಗುಣಕ 100 ಆಗಿದ್ದರೆ ಬೈಟ್‌ನಲ್ಲಿ 4 ಇದ್ದಾಗ ಪರದೆಯ ಮೇಲೆ 400 ಆರ್‌ಪಿಎಂ ಕಾಣುತ್ತೆ, 5 ಇದ್ದಾಗ 500. ನಡುವೆ ಏನೂ ಇಲ್ಲ. ಮೆಟ್ಟಿಲಿದ್ದ ಹಾಗೆ, ಮೂರೂವರೆಯನೇ ಮೆಟ್ಟಿಲ ಮೇಲೆ ಯಾರೂ ನಿಲ್ಲೋಕಾಗಲ್ಲ. ಮಿತಿಯನ್ನೂ ಇದೇ ಬೈಟ್‌ನಲ್ಲೇ ಇಡೋದರಿಂದ 350 ಅನ್ನೋದು 3.5 ಆಗಿ, ಹತ್ತಿರದ ಪೂರ್ಣಾಂಕವಾದ 4ಕ್ಕೆ ಏರಿತು.

ಇಷ್ಟು ದೊಡ್ಡ ಮೆಟ್ಟಿಲು ಯಾಕೆ ಅಂತ ಕೇಳಬಹುದು. ತೆಳ್ಳನೆಯ ಒಂದು-ಯು ಸರ್ವರ್‌ನಲ್ಲಿ 40 ಮಿಲಿಮೀಟರ್‌ನ ಫ್ಯಾನ್‌ಗಳಿರುತ್ತವೆ, ಅವು 20,000 ಆರ್‌ಪಿಎಂವರೆಗೂ ಹೋಗಬಹುದು. 100ರ ಮೆಟ್ಟಿಲಿದ್ದರೆ 255 ಮೆಟ್ಟಿಲಿಗೆ 25,500, ಸಾಕಾಗುತ್ತೆ. 50ರ ಮೆಟ್ಟಿಲಾದರೆ 12,750ಕ್ಕೇ ಮುಗೀತು. ಬೋರ್ಡ್ ಮಾಡಿದವರು ವೇಗದ ಫ್ಯಾನ್‌ಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಾರೆ, ಅದರಲ್ಲಿ ನನಗೆ ತಪ್ಪು ಕಾಣಲ್ಲ.

ಈಗ ಒಂದು ನಿಜವಾದ ಫ್ಯಾನ್ ತಗೊಳ್ಳೋಣ. ನಾಕ್ಟುವಾದ ಎನ್‌ಎಫ್-ಎ12ಎಕ್ಸ್25 ಪಿಡಬ್ಲ್ಯೂಎಂ. ಗರಿಷ್ಠ ವೇಗ 2,000, ಕನಿಷ್ಠ 450. ಆದರೆ ಆ 450ಕ್ಕೆ ಶೇಕಡಾ 20ರ ಏರಿಳಿತ ಇದೆ ಅಂತ ಕಂಪನಿಯೇ ಹೇಳುತ್ತೆ. ಹಾಗಾಗಿ ನಿಮ್ಮ ಕೈಲಿರುವ ಫ್ಯಾನ್ 360ರಲ್ಲೂ ತಿರುಗಬಹುದು, 540ರಲ್ಲೂ ತಿರುಗಬಹುದು. 100ರ ಮೆಟ್ಟಿಲಿನ ಬೋರ್ಡಿನಲ್ಲಿ 360 ಅನ್ನೋದು 300 ಅಂತಲೂ ಕಾಣಬಹುದು, 400 ಅಂತಲೂ ಕಾಣಬಹುದು. ಇನ್ನೊಂದು ಸೂಕ್ಷ್ಮ ಇದೆ. ಕೆಳಮಿತಿಯ ಹೋಲಿಕೆ ‘ಕಡಿಮೆ ಅಥವಾ ಸಮ’ ಅಂತ. ಮಿತಿ 400, ರೀಡಿಂಗ್ 400 ಆದರೆ ಅಲಾರ್ಮ್ ಬಂದೇ ಬರುತ್ತೆ. 350 ಕೊಟ್ಟವರ ಸಮಸ್ಯೆ ಬಗೆಹರಿಯದೆ ಉಳಿಯೋದು ಇಲ್ಲೇ.

ಕೆಳಗಿನ ಮಿತಿಗಳು ಮೂರು: ಎಚ್ಚರಿಕೆ, ಗಂಭೀರ, ಕೈಮೀರಿದ್ದು. ಟೂಲ್‌ಗೆ ಕೊಡುವಾಗ ಕೈಮೀರಿದ್ದು ಮೊದಲು, ಎಚ್ಚರಿಕೆ ಕೊನೆಗೆ. 120, 150, 180 ಅಂತ ಕೊಟ್ಟರೆ ಒಳಗೆ ಅವು 100, 200, 200 ಆಗುತ್ತವೆ. ಎಚ್ಚರಿಕೆಗೂ ಗಂಭೀರಕ್ಕೂ ವ್ಯತ್ಯಾಸವೇ ಇಲ್ಲ! ಈ ಫ್ಯಾನಿಗೆ ನಾನು ಕೊಡೋದು 0, 100, 200. ಹಿಸ್ಟರಿಸಿಸ್, ಅಂದರೆ ಅಲಾರ್ಮ್ ಇಳಿಯೋಕೆ ಮಿತಿ ದಾಟಿ ಇನ್ನೆಷ್ಟು ಮೇಲೆ ಹೋಗಬೇಕು ಅನ್ನೋ ಅಂತರ, ಅದೂ ಇದೇ ಮೆಟ್ಟಿಲುಗಳಲ್ಲೇ.

ವೋಲ್ಟೇಜ್‌ಗೂ ಇದೇ ಕಥೆ. 12 ವೋಲ್ಟ್ ಲೈನಿಗೆ ಶೇಕಡಾ 5ರ ಸಡಿಲ ಅಂದರೆ 0.6 ವೋಲ್ಟ್. ಮೆಟ್ಟಿಲು 0.06 ಆದರೆ ನಿಮಗೆ ಸಿಗೋದು ಹತ್ತೇ ಮೆಟ್ಟಿಲು.

2015ರಲ್ಲಿ ಬಂದ ರೆಡ್‌ಫಿಶ್ ಅನ್ನೋ ಹೊಸ ಮಾನದಂಡದಲ್ಲಿ ಒಂದು ಬೈಟ್‌ನ ಕಟ್ಟುಪಾಡಿಲ್ಲ. ಆದರೆ ಕೆಳಗಿನ ಫರ್ಮ್‌ವೇರ್ ಇನ್ನೂ ಹಳೆಯ ದಾಖಲೆಯನ್ನೇ ಓದುತ್ತಿದ್ದರೆ ಮೇಲೆ ದಶಮಾಂಶ ತೋರಿಸಿ ಪ್ರಯೋಜನ ಇಲ್ಲ.

ನಿಮ್ಮ ಬೋರ್ಡಿನ ಮೆಟ್ಟಿಲು 100 ಅಂತಲೇ ತಿಳೀಬೇಡಿ. ಫ್ಯಾನ್ ವೇಗ ಬದಲಿಸ್ತಾ ರೀಡಿಂಗ್ ನೋಡಿ, ಎಷ್ಟೆಷ್ಟಕ್ಕೆ ಜಿಗಿಯುತ್ತೆ ಗೊತ್ತಾಗುತ್ತೆ. ಅದರ ಅಪವರ್ತ್ಯಗಳನ್ನೇ ಮಿತಿಯಾಗಿ ಕೊಡಿ, ಕೊಟ್ಟ ಮೇಲೆ ತಿರುಗಿ ಓದಿ. ಕೆಲವು ಬೋರ್ಡುಗಳು ಬಿಎಂಸಿ ರೀಸೆಟ್ ಆದಾಗ ಹಳೆಯ ಮಿತಿಗೇ ಮರಳುತ್ತವೆ, ಅದನ್ನೂ ಪರೀಕ್ಷಿಸಿ. ಕಾಟ ತಪ್ಪಲಿ ಅಂತ ಅಲಾರ್ಮನ್ನೇ ಆಫ್ ಮಾಡೋದು ಮಾತ್ರ ಬೇಡ. ಎಲ್ಲ ಮುಗಿದ ಮೇಲೆ ಒಂದು ಫ್ಯಾನನ್ನು ಬೇಕೆಂದೇ ನಿಲ್ಲಿಸಿ, ಲಾಗ್ ತೆಗೆದು ನೋಡಿ. ಅಲ್ಲಿ ಎಚ್ಚರಿಕೆ ದಾಖಲಾಗದೇ ಇದ್ದರೆ ಆ ಸರ್ವರ್ ಅನ್ನು ಕೆಲಸಕ್ಕೆ ಹಾಕಬೇಡಿ.