ಹಾದಿ ಎಲ್ಲರದು

ಬೆಟ್ಟ ಹತ್ತುವುದೆಂದರೆ ಹಿಮಾಲಯಕ್ಕೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಬೆಳಗಿನ ಕಾಫಿ ಮುಗಿಸಿ ಹೊರಟು, ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಾದಂಥ ಬೆಟ್ಟಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಶಿವಗಂಗೆ, ದೇವರಾಯನದುರ್ಗ, ಮೇಲುಕೋಟೆ, ಶ್ರವಣಬೆಳಗೊಳದ ವಿಂಧ್ಯಗಿರಿ ಎಂದು ಹೆಸರು ಹೇಳುತ್ತ ಹೋದರೆ ನನಗೆ ದೊರೆತಿರುವ ಕೆಲವು ನಿಮಿಷಗಳು ಅಲ್ಲಿಗೇ ಮುಗಿದಾವು. ಆದ್ದರಿಂದ ನಾನು ಚೆನ್ನಾಗಿ ಬಲ್ಲ ಒಂದೇ ಬೆಟ್ಟದ ಮಾತನ್ನು ಹೇಳುತ್ತೇನೆ. ಅದು ಮೈಸೂರಿನ ಚಾಮುಂಡಿ ಬೆಟ್ಟ.

ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 3,500 ಅಡಿ. ಊರಿನ ನೆಲದಿಂದ ಲೆಕ್ಕ ಹಾಕಿದರೆ ಸುಮಾರು 1,000 ಅಡಿ ಮಾತ್ರ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, ಎಂದರೆ 17ನೆಯ ಶತಮಾನದಲ್ಲಿ, ಕಟ್ಟಿಸಿದ ಕಲ್ಲಿನ ಸೋಪಾನಮಾರ್ಗ ಇಂದಿಗೂ ಗಟ್ಟಿಯಾಗಿದೆ. ಮೆಟ್ಟಿಲುಗಳು ಸಾವಿರಕ್ಕೆ ಮೇಲೆ. ಅರ್ಧಕ್ಕಿಂತ ಹೆಚ್ಚು ಹಾದಿ ಸವೆದ ಮೇಲೆ ಒಂದೇ ಬಂಡೆಯಲ್ಲಿ ಕಡೆದ, ಸುಮಾರು 15 ಅಡಿ ಎತ್ತರದ ನಂದಿಯ ದರ್ಶನವಾಗುತ್ತದೆ. ಸೂರ್ಯೋದಯದ ಹೊತ್ತಿಗೆ ಎಲ್ಲಿಯಾದರೂ ನಿಂತು ಹಿಂತಿರುಗಿ ನೋಡಬೇಕು. ಮಂಜಿನ ನಡುವೆ ಕಾರಂಜಿ ಕೆರೆ ಮಿನುಗುತ್ತದೆ. ಲಲಿತಮಹಲಿನ ಬಿಳಿಯ ಗುಮ್ಮಟ ಮೆಲ್ಲಮೆಲ್ಲನೆ ಬಣ್ಣ ತಾಳುತ್ತದೆ.

ಆದರೆ ನಾನು ಹೇಳಹೊರಟದ್ದು ನೋಟದ ಮಾತಲ್ಲ, ಆ ಹಾದಿಯಲ್ಲಿ ನಡೆಯುವ ಜನರ ಮಾತು. ಒಬ್ಬರು ಹರಕೆ ಹೊತ್ತು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬರುತ್ತಾರೆ. ಇನ್ನೊಬ್ಬರು ಗಡಿಯಾರ ನೋಡಿಕೊಂಡು ಓಡುತ್ತಾರೆ. ಹೊಸದಾಗಿ ಮದುವೆಯಾದವರು, ವೈದ್ಯರ ಮಾತಿಗೆ ಹೆದರಿ ಬಂದವರು, ಅಜ್ಜನ ಕೈಹಿಡಿದ ಮಕ್ಕಳು, ಮಕ್ಕಳ ಕೈಯ ಬಾಳೆಹಣ್ಣಿನ ಮೇಲೆ ಕಣ್ಣಿಟ್ಟ ಕೋತಿಗಳು, ಎಲ್ಲರಿಗೂ ಇರುವುದು ಅದೊಂದೇ ಹಾದಿ.

ನಾನು ಅಧ್ಯಾಪಕನಾಗಿ ಸೇರಿದ ಹೊಸದರಲ್ಲಿ ಓಡುವವರ ಪಂಗಡದವನಾಗಿದ್ದೆ. ಒಂದು ದಿನ ಹತ್ತು ಗಂಟೆಯ ತರಗತಿಗೆ ಹೊತ್ತಾಯಿತೆಂದು ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿದ್ದೆ. ನಂದಿಗಿಂತ ಕೆಳಗೆ ವಯಸ್ಸಾದ ಹೆಂಗಸೊಬ್ಬರು ಬಗ್ಗಿ ಮೆಟ್ಟಿಲಿಗೆ ಕುಂಕುಮವಿಡುತ್ತಿದ್ದರು. ನನ್ನ ಮೊಣಕಾಲು ತಗುಲಿ ಅವರ ಕೈಯ ಬಟ್ಟಲು ಉರುಳಿತು. ಕುಂಕುಮವೆಲ್ಲ ಚೆಲ್ಲಿಹೋಯಿತು. ನಾನು ಜೇಬಿಗೆ ಕೈಹಾಕಿ ಒಂದು ನೋಟು ತೆಗೆದೆ. ಅವರು ಅದನ್ನು ನೋಡಲೂ ಇಲ್ಲ. ಧೂಳು ಬೆರೆತ ಕುಂಕುಮವನ್ನೇ ಬೆರಳುಗಳಿಂದ ಬಳಿದು ಬಟ್ಟಲಿಗೆ ತುಂಬಿಕೊಳ್ಳುತ್ತ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: “ಇಷ್ಟು ಬೇಗ ಇಳಿಯೋದಕ್ಕಾ ಮಗಾ, ನೀನು ಹತ್ತಿದ್ದು?”

ನಾನು ಕುಳಿತು ನಾಲ್ಕು ಚಿಟಿಕೆ ಕುಂಕುಮ ಆಯ್ದುಕೊಡಬಹುದಾಗಿತ್ತು. ಕೊಡಲಿಲ್ಲ. ತರಗತಿಗೆ ಸರಿಯಾದ ಹೊತ್ತಿಗೆ ಮುಟ್ಟಿದೆ. ಅಂದು ಏನು ಪಾಠ ಮಾಡಿದೆನೆಂಬುದು ಈಗ ನೆನಪಿಲ್ಲ. ಆ ಪ್ರಶ್ನೆ ಮಾತ್ರ ನೆನಪಿದೆ.

ಹಾದಿಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಒಂದು ದೊಡ್ಡ ಕಲ್ಪನೆಯಿತ್ತು. ಸಾಲುಮರ ನೆಡುವುದು, ಅರವಟ್ಟಿಗೆ ಇಡುವುದು, ತಲೆಹೊರೆ ಹೊತ್ತವರು ಯಾರ ನೆರವೂ ಇಲ್ಲದೆ ಇಳಿಸಿ ದಣಿವಾರಿಸಿಕೊಳ್ಳಲೆಂದು ಆಳೆತ್ತರದ ಕಲ್ಲು ನಿಲ್ಲಿಸುವುದು ಪುಣ್ಯಕಾರ್ಯಗಳೆನಿಸಿದ್ದವು. ಮುಂದೆ ಬರುವ ಅಪರಿಚಿತನ ದಣಿವನ್ನು ಮೊದಲೇ ನೆನೆದು ಮಾಡಿದ ಉಪಕಾರಗಳಿವು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥದ ಹೆಸರಿನಲ್ಲಿಯೂ ‘ಮಾರ್ಗ’ವೆಂಬ ಶಬ್ದವಿರುವುದು ನನಗೆ ಯಾವಾಗಲೂ ಹಿತವೆನಿಸಿದೆ. ಮಾರ್ಗವೆಂದರೆ ಹಲವರು ನಡೆದದ್ದು, ಇನ್ನೂ ಹಲವರು ನಡೆಯಬೇಕಾದದ್ದು.

ಇಂದು ನಮಗೆ ಕಲ್ಲು ನಿಲ್ಲಿಸುವ ಶಕ್ತಿಯಿಲ್ಲದಿರಬಹುದು. ಚಿಕ್ಕ ಕೆಲಸಗಳನ್ನು ಮಾಡಬಹುದು. ಇಳಿಯುವವರು ಪಕ್ಕಕ್ಕೆ ಸರಿದು ಹತ್ತುವವರಿಗೆ ದಾರಿ ಬಿಡಬೇಕು. ಏದುಸಿರಿನ ನಡುವೆ ಹೆಜ್ಜೆ ತಪ್ಪಿದರೆ ಮತ್ತೆ ಕೂಡಿಸಿಕೊಳ್ಳುವುದು ಕಷ್ಟ. ಗುಂಪಾಗಿ ಬಂದವರು ಹಾದಿಯ ಅಗಲಕ್ಕೂ ಹರಡಿ ನಡೆಯಬಾರದು. ಮೊಬೈಲಿನ ಹಾಡು ತಮ್ಮ ಕಿವಿಗಷ್ಟೇ ಇರಲಿ. ಹಕ್ಕಿಯ ಕೂಗನ್ನು ಕೇಳಲು ಬಂದವರೂ ಇರುತ್ತಾರೆ. ಕೊಂಡುಹೋದ ಬಾಟಲಿ ಮರಳಿ ಚೀಲಕ್ಕೇ ಸೇರಲಿ. ಮೆಟ್ಟಿಲು ಬಿಟ್ಟು ಪೊದೆಯ ನಡುವೆ ಒಳದಾರಿ ಮಾಡಿಕೊಳ್ಳುವುದೂ ಸಲ್ಲದು. ತುಳಿದಲ್ಲಿ ಹುಲ್ಲು ಸಾಯುತ್ತದೆ, ಹುಲ್ಲು ಸತ್ತಲ್ಲಿ ಮಳೆನೀರು ಮಣ್ಣನ್ನು ಕೊಚ್ಚುತ್ತದೆ. 2021ರಲ್ಲಿ ಸುರಿದ ಭಾರಿ ಮಳೆಗೆ ಇದೇ ಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ವಾಹನದ ರಸ್ತೆ ಕುಸಿಯಿತು. ಬೆಟ್ಟವೆಂದರೆ ಬರಿಯ ಬಂಡೆಯಲ್ಲ, ಬೇರು ಹಿಡಿದಿಟ್ಟ ಮಣ್ಣೂ ಹೌದೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಈಗ ನನ್ನ ಮೊಣಕಾಲುಗಳು ನನ್ನ ಮಾತು ಕೇಳುವುದಿಲ್ಲ. ಐವತ್ತು ಮೆಟ್ಟಿಲಿಗೊಮ್ಮೆ ಕುಳಿತುಕೊಳ್ಳುತ್ತೇನೆ. ಕಳೆದ ತಿಂಗಳು ಮೇಲಿನಿಂದ ಓಡಿಬರುತ್ತಿದ್ದ ತರುಣನೊಬ್ಬ ನನ್ನನ್ನು ಕಂಡು ತಟ್ಟನೆ ನಿಂತ. ಕಿವಿಯಲ್ಲಿದ್ದುದನ್ನು ತೆಗೆದು, “ಹತ್ತಿ ಸಾರ್, ನಿಧಾನವಾಗಿ ಹತ್ತಿ” ಎಂದು ಗೋಡೆಗೆ ಒತ್ತಿ ನಿಂತುಕೊಂಡ. ನಾನು ದಾಟುವತನಕ ಅವನು ಕದಲಲಿಲ್ಲ. ಅವನಿಗೂ ಎಲ್ಲಿಗೋ ಹೊತ್ತಾಗಿತ್ತೆಂಬುದು ಮುಖದಲ್ಲಿ ಕಾಣುತ್ತಿತ್ತು.

ನಾನು ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ಜೇಬಿನಲ್ಲಿ ಕುಂಕುಮದ ಒಂದು ಚಿಕ್ಕ ಪೊಟ್ಟಣವಿರುತ್ತದೆ. ಹರಕೆಯವರಲ್ಲಿ ಯಾರಿಗಾದರೂ ಸಾಲದೆ ಬಂದರೆ ಕೊಡೋಣವೆಂದು ಇಟ್ಟುಕೊಂಡದ್ದು. ಇದುವರೆಗೆ ಇಬ್ಬರು ಕೇಳಿ ತೆಗೆದುಕೊಂಡಿದ್ದಾರೆ.