ಮೊಟ್ಟೆಯ ಬಣ್ಣ, ಕೋಳಿಯ ತಳಿ



ಹಿರಿಯೂರಿನ ಸಂತೆಯಾಗಲಿ, ಹೊಳಲ್ಕೆರೆಯ ಸಂತೆಯಾಗಲಿ, ಮೊಟ್ಟೆ ಕೊಳ್ಳುವವರು ಮೊದಲು ಕೇಳುವ ಮಾತು ಒಂದೇ: "ನಾಟೀದೇನಮ್ಮಾ?" ಕೆಂಪಗಿದ್ದರೆ ನಾಟಿ, ಬೆಳ್ಳಗಿದ್ದರೆ ಫಾರಂ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆಯಿಂದಲೇ ಕೆಲವರು ಅಂಗಡಿಯ ಕೆಂಪು ಮೊಟ್ಟೆ ತಂದು ಕಾವಿಗೆ ಕೂರಿಸುವುದೂ ಉಂಟು. 21 ದಿನ ಕಳೆದರೂ ಒಂದು ಮರಿಯೂ ಆಗುವುದಿಲ್ಲ. ಕೋಳಿಯ ಕಾವೂ ಹೋಯಿತು, ಕೊಟ್ಟ ಕಾಸೂ ಹೋಯಿತು! ಕಾರಣವಿಷ್ಟೆ: ಮಾರುವ ಮೊಟ್ಟೆಗಾಗಿ ಸಾಕುವ ಫಾರಂಗಳಲ್ಲಿ ಹುಂಜವನ್ನು ಬಿಡುವುದಿಲ್ಲ. ಹುಂಜ ಕೂಡದ ಮೊಟ್ಟೆ ಯಾವ ಬಣ್ಣದ್ದಾದರೂ ಮರಿಯಾಗದು.

ಹಾಗಾದರೆ ಬಣ್ಣ ಎಲ್ಲಿಂದ ಬಂತು? ಕೋಳಿಯ ಹೊಟ್ಟೆಯಲ್ಲಿ ಮೊಟ್ಟೆಗೆ ಸಿಪ್ಪೆ ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ. ಕೆಲವು ತಳಿಗಳಲ್ಲಿ ಕೊನೆಯ ಕೆಲವು ಗಂಟೆಗಳಲ್ಲಿ ಅದರ ಮೇಲೆ ಕಂದು ಬಣ್ಣ ಕೂಡುತ್ತದೆ. ಕೆಂಪು ಮೊಟ್ಟೆಯನ್ನು ಒಡೆದು ಸಿಪ್ಪೆಯ ಒಳಮೈ ನೋಡಿ, ಹೆಚ್ಚುಕಡಿಮೆ ಬೆಳ್ಳಗೇ ಇರುತ್ತದೆ. ವೈಟ್ ಲೆಗ್‌ಹಾರ್ನ್ ತಳಿ ಬಿಳಿ ಮೊಟ್ಟೆ ಇಡುತ್ತದೆ. ರೋಡ್ ಐಲೆಂಡ್ ರೆಡ್ ಕಂದು ಮೊಟ್ಟೆ ಇಡುತ್ತದೆ. ಎರಡೂ ಹೊರದೇಶದಿಂದ ಬಂದ ತಳಿಗಳೇ. ಆ ತಳಿಗಳಿಗೆ ಇಂಥದೇ ಜುಟ್ಟು, ಇಂಥದೇ ಪುಕ್ಕ, ಇಂಥದೇ ಸಿಪ್ಪೆ ಎಂದು ಲಕ್ಷಣಗಳನ್ನು ಗೊತ್ತುಮಾಡಿ ತಲೆತಲಾಂತರ ಆರಿಸಿ ಬೆಳೆಸಿದ್ದಾರೆ. ನಮ್ಮ ಹಿತ್ತಲ ಕೋಳಿ ಹಾಗಲ್ಲ. ಒಂದು ಕೆನೆಬಣ್ಣದ್ದಿಟ್ಟರೆ ಇನ್ನೊಂದು ತಿಳಿಗಂದಿನದ್ದು ಇಟ್ಟೀತು.

ಸಿಪ್ಪೆಯ ಬಣ್ಣದಿಂದ ಸತ್ವ ಹೆಚ್ಚುವುದಿಲ್ಲ. ಮೆಕ್ಕೆಜೋಳ, ಹಸಿರು ಸೊಪ್ಪು ತಿಂದ ಕೋಳಿಯ ಮೊಟ್ಟೆಯೊಳಗಿನ ಭಂಡಾರ ಗಾಢ ಹಳದಿಯಾಗುತ್ತದೆ, ಅದು ಮೇವಿನ ಗುಣ. ಹಸು ಕಪ್ಪಗಿದ್ದರೆ ಹಾಲು ಕಪ್ಪೇ?

ಈಗ ಗಿರಿರಾಜ, ಸ್ವರ್ಣಧಾರ ಕೋಳಿಗಳ ವಿಷಯ. ಇವು ಬೆಂಗಳೂರಿನ ಹೆಬ್ಬಾಳದಲ್ಲಿ ನಮ್ಮ ವಿಜ್ಞಾನಿಗಳೇ ಹಿತ್ತಲ ಸಾಕಣೆಗೆಂದು ರೂಪಿಸಿದವು. ಸ್ವರ್ಣಧಾರ ಬಂದದ್ದು 2005ರಲ್ಲಿ. ಇವೂ ಕಂದು ಮೊಟ್ಟೆಯನ್ನೇ ಇಡುತ್ತವೆ. ಆದರೆ ಬೇರೆಬೇರೆ ತಳಿಗಳನ್ನು ಬೆರೆಸಿ ಮಾಡಿದ ಕೋಳಿಗಳಿವು. ಇವುಗಳ ಮೊಟ್ಟೆಯನ್ನೇ ಮರಿಮಾಡಿಸುತ್ತ ಹೋದರೆ ತಾಯಿಯ ಗುಣ ಎಲ್ಲ ಮರಿಗೂ ಬಾರದು. ಮೊಟ್ಟೆ ಕೆಂಪಗೇ ಇದ್ದರೂ ಇಳುವರಿ ಇಳಿದೀತು. ಆದ್ದರಿಂದ ಪ್ರತಿ ಸಲವೂ ನಂಬಿಕೆಯ ಮರಿಕೇಂದ್ರದಿಂದ ಮರಿ ತರುವುದೇ ಲೇಸು.

ನಾಟಿ ಕೋಳಿಯನ್ನೇ ಉತ್ತಮಪಡಿಸುತ್ತೇವೆ ಎನ್ನುವವರು ಹೀಗೆ ಮಾಡಿ. ಯಾವ ಹೇಂಟೆ ಎಷ್ಟು ಮೊಟ್ಟೆ ಇಟ್ಟಿತು, ಎಷ್ಟು ಮರಿ ಉಳಿಸಿತು ಎಂದು ಗೋಡೆಯ ಮೇಲಾದರೂ ಗೀಟು ಎಳೆದಿಡಿ. ಚೆನ್ನಾಗಿ ಇಡುವ ಹೇಂಟೆಯ ಮಗನನ್ನೇ ಹುಂಜಕ್ಕೆ ಉಳಿಸಿಕೊಳ್ಳಿ. ಹುಂಜ ಮೊಟ್ಟೆ ಇಡುವುದಿಲ್ಲ, ನಿಜ. ಆದರೆ ಹುಟ್ಟುವ ಹೇಂಟೆಗೆ ಬರುವ ಗುಣದಲ್ಲಿ ಅರ್ಧ ಪಾಲು ಅದರದೇ. ಹಬ್ಬಕ್ಕೆ ದಪ್ಪ ಹುಂಜವನ್ನೆಲ್ಲ ಕೊಯ್ದು, ಉಳಿದ ಸಣಕಲನ್ನು ತಳಿಗೆ ಬಿಡುವುದು ನಮ್ಮಲ್ಲಿ ದೊಡ್ಡ ತಪ್ಪು. 8–10 ಹೇಂಟೆಗೆ ಒಂದು ಹುಂಜ ಸಾಕು. ತಾಯಿ, ಅಕ್ಕತಂಗಿಯರ ಜೊತೆಗೇ ಅದು ಕೂಡದಂತೆ ನೆರೆಯೂರಿನವರೊಡನೆ ಹುಂಜ ಬದಲಾಯಿಸಿಕೊಳ್ಳಿ. ಹೊಸದುರ್ಗದವರು ಚಿತ್ರದುರ್ಗದವರಿಗೆ ಕೊಟ್ಟರೆ ಇಬ್ಬರಿಗೂ ಲಾಭ.

ಕಾವಿಗೆ ಒಂದು ವಾರದೊಳಗಿನ, ಬಿರುಕಿಲ್ಲದ, ಹದಗಾತ್ರದ ಮೊಟ್ಟೆಗಳನ್ನು ಆರಿಸಿ. ಇಟ್ಟ ದಿನವನ್ನು ಪೆನ್ಸಿಲ್ಲಿನಲ್ಲಿ ಅದರ ಮೇಲೇ ಬರೆಯಿರಿ. ಎಂಟನೆಯ ದಿನ ಕತ್ತಲಲ್ಲಿ ಬ್ಯಾಟರಿ ಬೆಳಕಿಗೆ ಹಿಡಿದು ನೋಡಿ: ಜೇಡನ ಕಾಲಿನಂತೆ ರಕ್ತನಾಳ ಕಂಡರೆ ಮರಿಯುಂಟು, ತಿಳಿಯಾಗಿದ್ದರೆ ತೆಗೆದುಬಿಡಿ. ಬೇಸಿಗೆಯ ಝಳಕ್ಕೆ ಕೆಂಪು ಮೊಟ್ಟೆಯ ಬಣ್ಣ ಕೊಂಚ ಮಾಸಬಹುದು. ಅಷ್ಟಕ್ಕೇ ಒಳ್ಳೆಯ ಕೋಳಿಯನ್ನು ಮಾರಿಬಿಡಬೇಡಿ.

ಬೆಳ್ಳಗಿರುವುದೆಲ್ಲ ಹಾಲಲ್ಲ, ಕೆಂಪಗಿರುವುದೆಲ್ಲ ನಾಟಿಯಲ್ಲ. ಮುಂದಿನ ಸಲ ಕಾವಿಗೆ ಕೂರಿಸುವ ಮುನ್ನ ಬಣ್ಣದ ಜೊತೆಗೆ ತಾಯಿಯ ಲೆಕ್ಕವನ್ನೂ ತಂದೆಯ ಗುಣವನ್ನೂ ನೋಡಿ.