ಯಂತ್ರಗಾನವೂ ವಚನದ ಅಂಕಿತವೂ



ಭಜನೆಯಿಲ್ಲದೆ ಮಠದ ದಿನವು ತುಂಬದು. ವಚನಗಾನವಿಲ್ಲದೆ ಶಿವಾನುಭವಗೋಷ್ಠಿಗೆ ಕಳೆಯೇರದು. ದಾವಣಗೆರೆಯ ಮಟ್ಟಿಗೆ ಈ ಮಾತು ವಿಶೇಷವಾಗಿ ಸಲ್ಲುವುದು. ಶ್ರೀ ಮೃತ್ಯುಂಜಯ ಅಪ್ಪಗಳವರೂ ಹರ್ಡೇಕರ ಮಂಜಪ್ಪನವರೂ ಕೂಡಿ 1913ನೆಯ ಇಸವಿಯಲ್ಲಿ ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಆಚರಿಸಲು ಮೊದಲುಮಾಡಿದುದು ಈ ಊರಿನ ವಿರಕ್ತಮಠದಲ್ಲಿಯೇ. ಇಂತಹ ಊರಿನಲ್ಲಿ ಇಂದು ಹೊಸದೊಂದು ಪ್ರಶ್ನೆಯು ತಲೆಯೆತ್ತಿರುವುದು. ಕೊರಳಿಲ್ಲದ ಯಂತ್ರವು ಹಾಡಿದ ವಚನವನ್ನು ಭಕ್ತರು ಹೇಗೆ ಕಾಣತಕ್ಕದ್ದು?

ಯಂತ್ರವೆಂಬುದು ದಾವಣಗೆರೆಗಾಗಲಿ ನೆರೆಯ ಹರಿಹರಕ್ಕಾಗಲಿ ಅಪರಿಚಿತವಾದುದಲ್ಲ. ದಾವಣಗೆರೆಯು ತನ್ನ ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರೆಂದು ಹೆಸರಾಗಿದ್ದಿತು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳನ್ನು ನಿರ್ಮಿಸುತ್ತ ಅನೇಕ ಮನೆಗಳಿಗೆ ಅನ್ನವನ್ನಿತ್ತಿತು. ಆ ಗಿರಣಿಗಳಲ್ಲಿ ಅನೇಕವೂ ಆ ಕಾರ್ಖಾನೆಯೂ ಕಾಲಾಂತರದಲ್ಲಿ ಮುಚ್ಚಿದವು. ಯಂತ್ರವು ಕೊಡುವ ಅನ್ನದ ಬೆಲೆಯನ್ನೂ, ಅದು ನಿಂತ ದಿನದ ಬರಿದುತನವನ್ನೂ ಇಲ್ಲಿಯ ಜನರು ಸ್ವತಃ ಕಂಡವರು. ಆದುದರಿಂದ ಈ ಪ್ರಶ್ನೆಯನ್ನು ಅವರು ಮೋಹವಿಲ್ಲದೆಯೂ ಭಯವಿಲ್ಲದೆಯೂ ತೂಗಿನೋಡಬಲ್ಲರು.

ಮೊದಲು ಈ ಯಂತ್ರದ ಸ್ವರೂಪವನ್ನು ತಿಳಿಯುವುದು ಯುಕ್ತ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1956–57ರಲ್ಲಿ ಹಿಲ್ಲರ್, ಐಸಾಕ್ಸನ್ ಎಂಬಿಬ್ಬರು ಗಣಕಯಂತ್ರದಿಂದ ನಾಲ್ಕು ತಂತಿವಾದ್ಯಗಳಿಗೆ ಒಂದು ಕೃತಿಯನ್ನು ಹೊಂದಿಸಿದರು. ಅಲ್ಲಿ ಸ್ವರಗಳನ್ನು ಆರಿಸಿದುದು ಯಂತ್ರ, ನುಡಿಸಿದವರು ಮನುಷ್ಯರು. ಈಚೆಗೆ, 2023–24ರಲ್ಲಿ ಬಳಕೆಗೆ ಬಂದ ಸುನೋ, ಯುಡಿಯೋ ಮೊದಲಾದ ಕೃತಕ ಬುದ್ಧಿಮತ್ತೆಯ ಸಾಧನಗಳಲ್ಲಾದರೋ ಕೊರಳೂ ಯಂತ್ರದ್ದೇ ಆಯಿತು. ಧ್ವನಿಮುದ್ರಿಕೆಯಲ್ಲಿ ನಾದವು ಅಂಕೆಗಳಾಗಿ ನೆಲಸಿರುವುದು. ಸಾಮಾನ್ಯವಾದ ಧ್ವನಿತಟ್ಟೆಯಲ್ಲಿ ಒಂದು ಸೆಕೆಂಡಿನ ನಾದಕ್ಕೆ 44,100 ಮಾಪನಗಳುಂಟು. ಇಂತಹ ಅಸಂಖ್ಯಾತ ಹಾಡುಗಳನ್ನು ಯಂತ್ರಕ್ಕೆ ಉಣಿಸಿ, ಯಾವ ನಾದದೊಡನೆ ಯಾವ ನಾದವು ಕೂಡಿಬರುವುದೆಂಬುದನ್ನು ಅದು ಲೆಕ್ಕದಿಂದ ಗ್ರಹಿಸುವಂತೆ ಮಾಡುವರು. ಬಳಿಕ ಯಾರಾದರೂ ಸಾಹಿತ್ಯವನ್ನೂ ಬೇಕಾದ ಧಾಟಿಯನ್ನೂ ಬರೆದುಕೊಟ್ಟರೆ, ಕೆಲವು ನಿಮಿಷಗಳೊಳಗೆ ಹಾಡು ಸಿದ್ಧವಾಗುವುದು.

ಇದನ್ನು ಪರೀಕ್ಷಿಸುವುದರಲ್ಲಿ ದೋಷವೇನೂ ಇಲ್ಲ. ಪರೀಕ್ಷಿಸದೆ ಹಳಿಯುವುದೂ ಹೊಗಳುವುದೂ ವಿವೇಕಿಗಳ ಲಕ್ಷಣವಲ್ಲ. ಆದರೆ ಪರೀಕ್ಷಿಸುವವನು ಕಿವಿಗೊಡಬೇಕಾದ ಸ್ಥಾನಗಳು ಕೆಲವಿವೆ. ಲಕಾರ ಳಕಾರಗಳೂ ಹ್ರಸ್ವದೀರ್ಘಗಳೂ ನೆಟ್ಟಗಿವೆಯೇ? ಹೇಳಿದ ರಾಗವು ಹೆಸರಿಗೆ ಮಾತ್ರವೋ, ಅದರ ಸಂಚಾರವೂ ಗಮಕವೂ ಉಂಟೋ? ವಚನವು ಛಂದಸ್ಸಿನ ಕಟ್ಟಿಗೆ ಒಳಪಡದ ಗದ್ಯವಾದುದರಿಂದ ಅದನ್ನು ಹಾಡುವವನು ಅರ್ಥವನ್ನರಿತು ನಿಲ್ಲಬೇಕು, ಅರ್ಥವನ್ನರಿತು ಮುಂದುವರಿಯಬೇಕು. ತಾಳದ ಸಮನಾದ ಅಳತೆಗೆ ಮಾತನ್ನು ಕತ್ತರಿಸಿದರೆ ನಾದವು ಇಂಪಾಗಿದ್ದರೂ ವಚನವು ಕೆಡುವುದು. ಈ ಕುಂದುಗಳು ಮುಂದೆ ತಿದ್ದಿಕೊಂಡಾವು. ಆದುದರಿಂದ ಇವುಗಳ ಮೇಲೆಯೇ ತೀರ್ಪನ್ನು ನಿಲ್ಲಿಸಲಾಗದು. ಯಂತ್ರವು ನಿರ್ದೋಷವಾಗಿ ಹಾಡಿದ ದಿನವೂ ನಿಲ್ಲತಕ್ಕ ವಿಚಾರವನ್ನು ಅರಸಬೇಕು.

ಸಂಗೀತಕ್ಕೆ ಯಂತ್ರದ ನೆರವು ಹಿಂದೆಯೂ ಬಂದುದುಂಟು. ಹಾರ್ಮೋನಿಯಮ್ಮು ಪರದೇಶದಿಂದ ಬಂದ ವಾದ್ಯ. ಅದರ ನಿಶ್ಚಿತ ಸ್ವರಗಳು ಇಲ್ಲಿಯ ಗಾನಕ್ಕೆ ಒಗ್ಗವೆಂದು ಆಕಾಶವಾಣಿಯು 1940ರಲ್ಲಿ ಅದನ್ನು ದೂರವಿರಿಸಿ, ಮೂರು ದಶಕಗಳ ತರುವಾಯವೇ ನಿರ್ಬಂಧವನ್ನು ಸಡಿಲಿಸಿತು. ಅಷ್ಟಾದರೂ ಭಜನಾಮೇಳಗಳು ಅದನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ 1979ರ ಸುಮಾರಿಗೆ ವಿದ್ಯುತ್ ತಂಬೂರಿಯು ನಿರ್ಮಾಣವಾಗಿ ಮನೆಮನೆಯ ಅಭ್ಯಾಸಕ್ಕೆ ಒದಗಿತು. ಇವೆಲ್ಲವೂ ಹಾಡುವವನ ಪಕ್ಕದಲ್ಲಿ ಕುಳಿತ ಯಂತ್ರಗಳು. ಹೊಸ ಯಂತ್ರವು ಹಾಡುವವನ ಗದ್ದುಗೆಯಲ್ಲಿಯೇ ಕುಳಿತುಕೊಳ್ಳುವುದು. ಭೇದವಿರುವುದು ಇಲ್ಲಿ.

ಆ ಗದ್ದುಗೆಯ ಬೆಲೆಯೆಷ್ಟೆಂಬುದಕ್ಕೆ ಪಂಡಿತ ಪಂಚಾಕ್ಷರಿ ಗವಾಯಿಗಳವರ (1892–1944) ಚರಿತ್ರೆಯೇ ಸಾಕ್ಷಿ. ಕಣ್ಣಿಲ್ಲದ ಬಾಲಕನ ಕಂಠವನ್ನು ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಗುರುತಿಸಿ ಸಂಗೀತಾಭ್ಯಾಸಕ್ಕೆ ಆಶ್ರಯವಿತ್ತರು. ಆ ಬಾಲಕನು ಕರ್ನಾಟಕ, ಹಿಂದೂಸ್ಥಾನಿ ಎರಡು ಪದ್ಧತಿಗಳಲ್ಲಿಯೂ ಪಾರಂಗತನಾಗಿ, ತನ್ನಂತಹ ಅಂಧರಿಗೂ ಅನಾಥರಿಗೂ ಗುರುವಾದನು. ಶಿಷ್ಯರಾದ ಪುಟ್ಟರಾಜ ಗವಾಯಿಗಳವರು (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ದಾಸೋಹವನ್ನು ಬೆಳೆಸಿದರು. ಅಲ್ಲಿ ಕಲಿತವನಿಗೆ ಹಾಡು ಅಲಂಕಾರವಲ್ಲ. ಅದು ಅವನ ಕಾಯಕ, ಅವನ ಅನ್ನ, ಅವನ ಮಾನ. ಮಠದ ಉತ್ಸವಕ್ಕೆ ಗವಾಯಿಯನ್ನು ಕರೆಯುವ ಬದಲು ಯಂತ್ರದ ಹಾಡನ್ನು ಹಾಕಿದರೆ ಉಳಿಯುವ ಹಣವು ಅತ್ಯಲ್ಪ. ಕಳೆಯುವುದು ಒಬ್ಬ ಕಾಯಕಜೀವಿಯ ಒಪ್ಪತ್ತಿನ ಊಟ.

ಇನ್ನು ಯಂತ್ರದ ಕೊರಳೆಂಬುದಾದರೂ ಎಲ್ಲಿಂದ ಬಂದಿತು? ಗಿರಣಿಯು ನೂಲನ್ನು ತೆಗೆಯಬಲ್ಲದು, ಹತ್ತಿಯನ್ನು ಬೆಳೆಯಲಾರದು. ಹೊಲದ ಒಕ್ಕಲಿಗನಿಗೆ ಬೆಲೆಯನ್ನು ಕೊಟ್ಟೇ ಹತ್ತಿಯು ದಾವಣಗೆರೆಯ ಪೇಟೆಗೆ ಬರುತ್ತಿತ್ತು. ಗಾನಯಂತ್ರಕ್ಕೆ ಹಾಡುಗಾರರ ಕೊರಳುಗಳೇ ಹತ್ತಿ. ತಮ್ಮ ಮುದ್ರಿಕೆಗಳನ್ನು ಅನುಮತಿಯಿಲ್ಲದೆ ಬಳಸಿದರೆಂದು ಅಮೆರಿಕದ ದೊಡ್ಡ ಧ್ವನಿಮುದ್ರಣ ಸಂಸ್ಥೆಗಳು 2024ರ ಜೂನಿನಲ್ಲಿ ಸುನೋ, ಯುಡಿಯೋಗಳ ಮೇಲೆ ದಾವೆ ಹೂಡಿದುದು ಈ ಕಾರಣದಿಂದಲೇ. ಗಿರಣಿಯ ಬಟ್ಟೆಯ ಮೇಲಾದರೂ ಗಿರಣಿಯ ಮುದ್ರೆಯಿರುತ್ತಿತ್ತು. ಯಂತ್ರದ ಹಾಡಿನಲ್ಲಿ ಯಾರ ಕೊರಳಿನ ಎಷ್ಟು ಎಳೆಯು ಸೇರಿದೆಯೆಂಬುದು ಕೇಳುವವನಿಗೆ ತಿಳಿಯದು.

ಸದ್ಭಕ್ತರೇ, ವಿಚಾರದ ತಿರುಳಿರುವುದು ಈ ಮುದ್ರೆಯಲ್ಲಿಯೇ. ಶರಣರು ಆಡಿದ ಮಾತನ್ನು ಅಂಕಿತವಿಲ್ಲದೆ ಬಿಡಲಿಲ್ಲ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುದೇವರಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಅಂಬಿಗರ ಚೌಡಯ್ಯನವರಾದರೋ ತಮ್ಮ ಹೆಸರನ್ನೇ ಅಂಕಿತವಾಗಿರಿಸಿದರು. ಇಷ್ಟದೈವವನ್ನು ಸಾಕ್ಷಿಗೆ ಕರೆದು ಆಡಿದ ಮಾತಿಗೆ ತಾನು ಹೊಣೆಯೆಂದು ನಿಲ್ಲುವುದೇ ಅಂಕಿತ. ಅದರ ಗೌರವವು ಎಷ್ಟೆಂದರೆ, ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚುಮಾಡಿದ ಪುಸ್ತಕವೊಂದನ್ನು ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು; ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಇಂದಿನ ಯಂತ್ರಗಳಾದರೋ ಶರಣರು ಆಡದಿದ್ದ ಮಾತನ್ನು ವಚನದ ಧಾಟಿಯಲ್ಲಿ ಹೆಣೆದು, ತುದಿಗೆ ಶರಣರ ಅಂಕಿತವನ್ನು ಅಂಟಿಸಿ, ಇಂಪಾಗಿ ಹಾಡಿಬಿಡಬಲ್ಲವು. ಅದು ಕೈಯಿಂದ ಕೈಗೆ ಹರಡಿದ ಮೇಲೆ ಸಾಚಾ ವಚನವಾವುದು, ಕೂಡಿಕೆಯಾವುದು ಎಂಬುದನ್ನು ಮುಂದಿನ ತಲೆಮಾರಿನ ಮಕ್ಕಳು ಬೇರ್ಪಡಿಸಬಲ್ಲರೇ? ತಾಳೆಗರಿಗಳನ್ನು ಶೋಧಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರ ಶ್ರಮವು ಹೀಗೆ ಮಣ್ಣುಗೂಡಬಾರದು.

ಆದುದರಿಂದ ಭಕ್ತರು ನಾಲ್ಕು ನಿಯಮಗಳನ್ನು ಪಾಲಿಸುವುದು ಲೇಸು. ಯಂತ್ರದಿಂದ ಹಾಡಿಸಿದುದನ್ನು ಯಂತ್ರದ್ದೆಂದೇ ಹೇಳುವುದು. ಸಾಹಿತ್ಯವನ್ನು ಪರಿಶೋಧಿತ ಗ್ರಂಥದೊಡನೆ ಹೋಲಿಸಿ ನೋಡದೆ ಶರಣರ ಹೆಸರಿನಲ್ಲಿ ಹರಡದಿರುವುದು. ಬದುಕಿರುವ ಅಥವಾ ಲಿಂಗೈಕ್ಯರಾದ ಗವಾಯಿಗಳ ಕೊರಳನ್ನು ಒಪ್ಪಿಗೆಯಿಲ್ಲದೆ ಅನುಕರಿಸದಿರುವುದು. ಗಾಯಕನು ತನ್ನ ಗಾನಕ್ಕೆ ತನ್ನ ಹೆಸರನ್ನು ಕೇಳುವ ನೈತಿಕ ಹಕ್ಕನ್ನು ಕೃತಿಸ್ವಾಮ್ಯ ಕಾಯಿದೆಯೂ 2012ರ ತಿದ್ದುಪಡಿಯಿಂದ ಮನ್ನಿಸಿದೆ. ನಾಲ್ಕನೆಯದು, ಯಂತ್ರವನ್ನು ಕಲಿಕೆಗೆ ಕರೆದರೂ ಮಠದ ಪ್ರಾರ್ಥನೆಯನ್ನು ಮಾತ್ರ ಮನುಷ್ಯರ ಕೊರಳಿನಿಂದಲೇ ನಡೆಸುವುದು.

ನಾಲ್ಕನೆಯ ನಿಯಮವೇ ಮುಖ್ಯವಾದುದು. ಗಿರಣಿ ನಿಂತಾಗ ಬಟ್ಟೆಯು ಬೇರೆ ಊರಿನಿಂದ ಬಂದಿತು. ಆದರೆ ಹಾಡುವುದನ್ನು ಊರು ಮರೆತ ಮೇಲೆ, ದೂರದೇಶದ ಯಂತ್ರದೊಡೆಯನು ಬೆಲೆಯನ್ನೇರಿಸಿದರೆ ಅಥವಾ ಅಂಗಡಿಯನ್ನು ಮುಚ್ಚಿದರೆ, ವಚನಗಾನವನ್ನು ಯಾವ ಪೇಟೆಯಿಂದ ತರುವುದು? ಬಾಲಕನೊಬ್ಬನು ಅಪಸ್ವರದಲ್ಲಿ ಹಾಡಿದರೂ ಅವನನ್ನು ತಿದ್ದಬಹುದು. ತಿದ್ದುತ್ತ ತಿದ್ದುತ್ತ ಅವನೊಳಗೆ ವಚನವು ಮನೆಮಾಡುವುದು. ಈ ಮಹೋತ್ಸವದ ನೆನಪಿಗಾಗಿ ದಾವಣಗೆರೆ ಹರಿಹರಗಳ ಒಂದೊಂದು ಓಣಿಯಲ್ಲಿಯೂ ವಾರಕ್ಕೊಂದು ಸಂಜೆ ಮಕ್ಕಳ ವಚನಗಾನವು ನಡೆಯುವಂತಾದರೆ, ಅದೇ ಶ್ರೀಮಠಕ್ಕೆ ಸಲ್ಲುವ ಕಾಣಿಕೆ. ಸರ್ವರಿಗೂ ಶಿವನು ಸನ್ಮತಿಯನ್ನು ಕರುಣಿಸಲಿ.